ಮಂಗಳೂರಿನಲ್ಲಿದ್ದು ಪ್ರಾಚೀನ ರೋಮನ್ ಕಲೆಯನ್ನು ಅಭ್ಯಾಸ ಮಾಡುವ ಬಗೆ

ಪ್ರಾಚೀನ ರೋಮಿನ ಕಲೆಯನ್ನು ಅಭ್ಯಾಸ ಮಾಡಬಯಸುವವರು ಚಕ್ರವರ್ತಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಆರಂಭಿಸಬೇಕಾಗಿಲ್ಲ. ಒಂದೇ ಒಂದು ಕೃತಿಯನ್ನು ಆರಿಸಿಕೊಂಡು, ಅದು ಮೊದಲು ಎಲ್ಲಿತ್ತು, ಅದನ್ನು ಮಾಡಿಸಿದವರು ಯಾರು, ಯಾರು ನೋಡಲೆಂದು ಮಾಡಿಸಿದರು ಎಂದು ಕೇಳುತ್ತಾ ಹೋದರೆ ಆ ಕಾಲದ ರಾಜಕೀಯವೂ ಧರ್ಮವೂ ತಾವಾಗಿಯೇ ತೆರೆದುಕೊಳ್ಳುತ್ತವೆ.

1863ರಲ್ಲಿ ರೋಮ್ ಬಳಿಯ ಪ್ರಿಮಾ ಪೋರ್ತಾದಲ್ಲಿ, ಚಕ್ರವರ್ತಿಯ ಮಡದಿ ಲಿವಿಯಾಳ ಬಂಗಲೆಯ ಅವಶೇಷಗಳ ನಡುವೆ ದೊರೆತು ಈಗ ವ್ಯಾಟಿಕನ್ ಸಂಗ್ರಹಾಲಯದಲ್ಲಿರುವ, ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಪ್ರತಿಮೆ ಇದಕ್ಕೆ ಬಹಳ ತಕ್ಕುದು. ರೋಮಿನ ಪೂರ್ವದ ಎದುರಾಳಿಗಳಾದ, ಇರಾನಿನ ಪಾರ್ಥಿಯನ್ನರು ತಾವು ಕಸಿದುಕೊಂಡಿದ್ದ ರೋಮನ್ ಸೇನಾಲಾಂಛನವನ್ನು ಕ್ರಿ.ಪೂ. 20ರಲ್ಲಿ ಹಿಂದಿರುಗಿಸಿದ ಪ್ರಸಂಗ ಅದರ ಎದೆಗವಚದ ಮೇಲಿದೆ. ಯುದ್ಧವಿಲ್ಲದೆ ಸಂಧಾನದಿಂದ ದೊರೆತದ್ದನ್ನು ಮಹಾವಿಜಯವೆಂಬಂತೆ ಕೆತ್ತಲಾಗಿದೆ. ಕಾಲ ಬಳಿ ಡಾಲ್ಫಿನ್ ಏರಿ ಕುಳಿತ, ವೀನಸ್‌ಳ ಮಗ ಕ್ಯುಪಿಡ್, ಆಗಸ್ಟಸ್‌ನ ಮನೆತನ ವೀನಸ್ ದೇವಿಯ ವಂಶಕ್ಕೆ ಸೇರಿದ್ದೆಂದು ಸಾರುತ್ತಾನೆ. ಕ್ರಿ.ಶ. 14ರಲ್ಲಿ ತೀರಿಕೊಳ್ಳುವಾಗ ಆಗಸ್ಟಸ್‌ಗೆ 75 ತುಂಬಿತ್ತು, ಆದರೆ ಅವನ ಶಿಲ್ಪಗಳಲ್ಲಿ ಮುಪ್ಪಿನ ಸುಳಿವೇ ಇಲ್ಲ. ಇದರ ಪಕ್ಕದಲ್ಲಿ ಚಕ್ರವರ್ತಿಗಳಿಗಿಂತ ಹಿಂದಿನ ಗಣರಾಜ್ಯದ ಕಾಲದ ಹಿರಿಯರ ಶಿಲ್ಪಗಳ ಸುಕ್ಕುಗಟ್ಟಿದ, ಕೆನ್ನೆ ಬತ್ತಿದ ಮುಖಗಳನ್ನಿಟ್ಟು ನೋಡಬೇಕು. ಕುಲೀನರ ಮನೆಗಳಲ್ಲಿ ಪೂರ್ವಜರ ಮೇಣದ ಮುಖಬಿಂಬಗಳನ್ನು ಕಾಪಾಡಿಕೊಂಡು, ಶವಯಾತ್ರೆಯಲ್ಲಿ ಅವನ್ನು ಮೆರೆಸುತ್ತಿದ್ದ ಸಮಾಜದಲ್ಲಿ ವಯಸ್ಸೇ ಅಧಿಕಾರದ ಗುರುತಾಗಿತ್ತು. ಇಂದು ಬೆಳ್ಳಗೆ ಕಾಣುವ ಈ ಅಮೃತಶಿಲೆಗೆ ಅಂದು ಬಣ್ಣ ಬಳಿದಿತ್ತೆಂಬುದನ್ನೂ ಮರೆಯಬಾರದು.

ಭಿತ್ತಿಚಿತ್ರದ ಅಭ್ಯಾಸಕ್ಕೆ ಮಂಗಳೂರಿಗರಿಗೆ ದೊಡ್ಡ ಅನುಕೂಲವಿದೆ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ರಚಿಸಿದ ಚಿತ್ರಗಳು ರೋಮನ್ ಕಲೆಯಲ್ಲ, ವಿಷಯವೂ ಬೇರೆ. ಆದರೂ ಫ್ರೆಸ್ಕೊ ಎಂದರೇನೆಂದು ಕಣ್ಣಾರೆ ತಿಳಿಯಲು ಇಲ್ಲಿಗೇ ಹೋಗಬೇಕು. ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿದಾಗ, ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಿನಂತಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗಾರೆ ಒಣಗುವ ಮೊದಲೇ ಕೆಲಸ ಮುಗಿಯಬೇಕು. ಇದನ್ನರಿತು ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಹೂತುಹಾಕಿದ ಪೊಂಪೇ ಪಟ್ಟಣದ ಗೋಡೆಗಳ ಛಾಯಾಚಿತ್ರಗಳನ್ನು ನೋಡಿದರೆ, ಅಲ್ಲಿನ ಕುಶಲಿಗಳ ಕೈವೇಗ ಅರ್ಥವಾಗುತ್ತದೆ. ಜರ್ಮನ್ ವಿದ್ವಾಂಸ ಆಗಸ್ಟ್ ಮೌ ಪೊಂಪೇಯ ಭಿತ್ತಿಚಿತ್ರಗಳನ್ನು ನಾಲ್ಕು ಶೈಲಿಗಳಾಗಿ 1882ರಲ್ಲಿ ಮಾಡಿದ ವಿಂಗಡಣೆಯನ್ನು ಕಲಿಯಿರಿ, ಆದರೆ ಚಿತ್ರವಿದ್ದದ್ದು ಊಟದ ಕೋಣೆಯಲ್ಲೋ ಅಂಗಳದಲ್ಲೋ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ.

ರೋಮಿನೊಂದಿಗೆ ನಮ್ಮ ಕರಾವಳಿಗಿದ್ದ ನಂಟೂ ಈ ಅಭ್ಯಾಸದೊಳಗೇ ಸೇರುತ್ತದೆ. ಕಡಲ್ಗಳ್ಳರ ನೆಲೆಯೆಂದು ರೋಮನ್ ಲೇಖಕ ಪ್ಲಿನಿ ಹೆಸರಿಸಿದ ನಿತ್ರಿಯಾಸ್ ನೇತ್ರಾವತಿಯ ಮುಖದಲ್ಲಿತ್ತೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. 1938ರಲ್ಲಿ ಪೊಂಪೇಯಲ್ಲಿ ದೊರೆತ ಭಾರತೀಯ ದಂತದ ಸ್ತ್ರೀಮೂರ್ತಿ ನೇಪಲ್ಸ್‌ನಲ್ಲಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಾಣ್ಯಗಳನ್ನು ಕಡೆಗಣಿಸಬೇಡಿ. ಚಕ್ರವರ್ತಿಯ ಮುಖದ ಸುತ್ತ ಕೊರೆದ ಬಿರುದುಗಳಿಂದ ಅನೇಕ ನಾಣ್ಯಗಳ ವರ್ಷವನ್ನೇ ನಿರ್ಧರಿಸಬಹುದಾದ್ದರಿಂದ, ಹೆಸರಿಲ್ಲದ ಶಿಲ್ಪದ ತಲೆಯೊಂದು ಯಾರದೆಂದು ಗುರುತಿಸಲು ತಜ್ಞರು ಮೊದಲು ಹುಡುಕುವುದು ಅವನ್ನೇ.