ಬೆಂಕಿ ಆರಿಸಿದ ಮೇಲಿನ ಅರ್ಧ ಗಂಟೆ: ಮಾದರಿ ಉಗಿ ಎಂಜಿನ್ ಎತ್ತಿಡುವ ಬಗೆ

ಮಾದರಿ ಉಗಿ ಎಂಜಿನ್‌ಗೆ ಹೆಚ್ಚಿನ ಪೆಟ್ಟು ಬೀಳುವುದು ಅದು ಕಪಾಟಿನಲ್ಲಿ ಸುಮ್ಮನೆ ಕುಳಿತಿರುವಾಗ. ಒಳಗೆ ಉಳಿದ ನೀರು ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ಆ ನೀರನ್ನು ಓಡಿಸಲು ಎಂಜಿನ್‌ನಲ್ಲೇ ಇರುವ ಬಿಸಿಗಿಂತ ಒಳ್ಳೆಯ ಸಾಧನ ಇಲ್ಲ. ತಣ್ಣಗಾದ ಮೇಲೆ ಎಷ್ಟು ಒರೆಸಿದರೂ ಸಂದುಗಳ ತೇವ ಹೋಗುವುದಿಲ್ಲ. ಬಿಸಿ ಇರುವಾಗಲೇ ದಾರಿ ಮಾಡಿಕೊಟ್ಟರೆ ತಾನಾಗಿ ಆರುತ್ತದೆ. ಹಾಗಾಗಿ ನಾನು ಎತ್ತಿಡುವ ಕೆಲಸವನ್ನು ಕೊನೆಯ ಸುತ್ತಿನಲ್ಲೇ ಶುರುಮಾಡುತ್ತೇನೆ.

ಬೆಂಕಿ ಆರಿದ ಮೇಲೂ ಎಂಜಿನ್ ಓಡುತ್ತಿರಲಿ, ಒತ್ತಡ ತಾನಾಗಿ ಇಳಿಯಲಿ. ಗೇಜ್ ಸೊನ್ನೆಗೆ ಬಂದ ಮೇಲೆ ಒಂದು ಕ್ಷಣ ಸೇಫ್ಟಿ ವಾಲ್ವ್ ಎತ್ತಿ ನೋಡಿ, ಉಗಿ ಬಾರದಿದ್ದರೆ ಮಾತ್ರ ನೀರು ತುಂಬುವ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಸಣ್ಣ ಗೇಜ್‌ನ ಮುಳ್ಳು ಕೆಳಮಟ್ಟದಲ್ಲಿ ಸುಳ್ಳು ಹೇಳುವುದು ಸಾಮಾನ್ಯ, ಅದೊಂದನ್ನೇ ನಂಬಬೇಡಿ. ಮುಚ್ಚಳ ತೆಗೆಯುವುದನ್ನು ಮಾತ್ರ ಬಿಡುವಂತಿಲ್ಲ. ಮುಚ್ಚಿದ ಬಾಯ್ಲರ್ ತಣ್ಣಗಾಗುತ್ತಾ ಒಳಗಿನ ಉಗಿ ನೀರಾಗುತ್ತದೆ, ನಿರ್ವಾತ ಹುಟ್ಟುತ್ತದೆ. ರೆಗ್ಯುಲೇಟರ್ (ಸಿಲಿಂಡರ್‌ಗೆ ಉಗಿ ಬಿಡುವ ವಾಲ್ವ್) ಸ್ವಲ್ಪ ತೆರೆದಿದ್ದರೂ, ಸೋರುತ್ತಿದ್ದರೂ ಸಾಕು: ಸಿಲಿಂಡರ್‌ಗೆ ಎಣ್ಣೆ ಉಣಿಸುವ ಲೂಬ್ರಿಕೇಟರ್‌ನ ಎಣ್ಣೆಯನ್ನು ಬಾಯ್ಲರ್ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ನೊರೆಯೆದ್ದು, ಉಗಿಯ ಜೊತೆ ನೀರೇ ಸಿಲಿಂಡರ್‌ಗೆ ನುಗ್ಗುತ್ತದೆ. ಕಾರಣ ಗೊತ್ತಿಲ್ಲದವರು ನೀರು ಹೆಚ್ಚಾಯಿತೆಂದುಕೊಂಡು ಕಡಿಮೆ ತುಂಬುತ್ತಾರೆ, ಅದು ಇನ್ನೂ ಅಪಾಯ.

ಬಾಯ್ಲರ್‌ನ ನೀರು ಪೂರ್ತಿ ಹೊರಗೆ ಬರಬೇಕು. ಬ್ಲೋಡೌನ್ ವಾಲ್ವ್ (ತಳದಿಂದ ನೀರು ಹೊರಬಿಡುವ ವಾಲ್ವ್) ಇರುವ ಎಂಜಿನ್‌ನಲ್ಲಿ, ಮುಚ್ಚಳ ಮುಟ್ಟುವ ಮೊದಲು, ಸುಮಾರು ಅರ್ಧ ಬಾರ್ ಒತ್ತಡ ಉಳಿದಿರುವಾಗಲೇ ಆ ವಾಲ್ವ್ ತೆರೆಯುತ್ತೇನೆ. ನೀರಿನ ಜೊತೆ ಕೆಸರೂ ಹೋಗುತ್ತದೆ, ಉಳಿದ ತೇವ ಲೋಹದ ಬಿಸಿಗೇ ಆವಿಯಾಗುತ್ತದೆ. ವಾಲ್ವ್ ಇಲ್ಲದಿದ್ದರೆ, ಮುಚ್ಚಳ ತೆಗೆದ ಮೇಲೆ ಸಿರಿಂಜ್‌ಗೆ ತೆಳ್ಳನೆಯ ಸಿಲಿಕೋನ್ ಕೊಳವೆ ಸಿಕ್ಕಿಸಿ ಎಳೆಯುವುದೇ ದಾರಿ. ಬೇಗ ಒಣಗಲೆಂದು ಖಾಲಿ ಬಾಯ್ಲರ್ ಕೆಳಗೆ ಮತ್ತೆ ಬೆಂಕಿ ಇಡಲೇಬೇಡಿ. ತವರ-ಸೀಸದ ಸಾಮಾನ್ಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಲು ಶುರುವಾಗುತ್ತದೆ. ಬಿಸಿಯಾದ ಖಾಲಿ ಬಾಯ್ಲರ್‌ಗೆ ತಣ್ಣೀರು ಹಾಕುವುದೂ ಬೇಡ, ಕೀಲುಗಳ ಮೇಲೆ ಎಳೆತ ಬೀಳುತ್ತದೆ.

ತಾಮ್ರದ ಬಾಯ್ಲರ್‌ನಲ್ಲಿ ತುಸು ತೇವ ಉಳಿದರೂ ದೊಡ್ಡ ಹಾನಿಯಿಲ್ಲ. ಉಕ್ಕಿನದಾದರೆ ಎರಡೇ ದಾರಿ: ಪೂರ್ತಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚುವುದು, ಇಲ್ಲವೇ ತುಕ್ಕು ತಡೆಯುವ ಕ್ಷಾರೀಯ ನೀರನ್ನು ಕಂಠಮಟ್ಟ ತುಂಬುವುದು. ಅರ್ಧ ತುಂಬಿಟ್ಟರೆ ನೀರು, ಗಾಳಿ ಸೇರುವ ಗೆರೆಯುದ್ದಕ್ಕೂ ಗುಳಿ ಬೀಳುತ್ತದೆ.

ಇನ್ನು ಲೂಬ್ರಿಕೇಟರ್, ಸಿಲಿಂಡರ್. ನನ್ನ ಹೆಚ್ಚಿನ ಹೊತ್ತು ಹೋಗುವುದು ಇಲ್ಲೇ. ಸಣ್ಣ ಎಂಜಿನ್‌ಗಳ ಲೂಬ್ರಿಕೇಟರ್‌ನಲ್ಲಿ ಉಗಿ ನೀರಾಗಿ ತಳ ಸೇರುತ್ತದೆ, ಎಣ್ಣೆ ಮೇಲೆ ತೇಲಿ ಸಿಲಿಂಡರ್‌ಗೆ ಹೋಗುತ್ತದೆ. ಅಂದರೆ ಓಟ ಮುಗಿದಾಗ ಅದರಲ್ಲಿ ಹೆಚ್ಚಾಗಿ ನೀರೇ ಇರುತ್ತದೆ. ಒತ್ತಡ ಪೂರ್ತಿ ಇಳಿದ ಮೇಲೆಯೇ ಅದರ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಕುದಿಯುವ ಎಣ್ಣೆ ಮುಖಕ್ಕೆ ಹಾರುತ್ತದೆ. ಸಿರಿಂಜ್‌ನ ತುದಿ ತಳ ಮುಟ್ಟಿಸಿ ನೀರೆಳೆಯಿರಿ, ಕೊನೆಯ ಹನಿವರೆಗೂ. ಸಿರಿಂಜ್‌ನೊಳಗೆ ಹಾಲಿನಂತೆ ಬೆಳ್ಳಗಿನ ದ್ರವ ಬಂದರೆ ಎಣ್ಣೆ ನೀರಿನೊಂದಿಗೆ ಕಲಸಿಹೋಗಿದೆ ಎಂದರ್ಥ. ಅದನ್ನೂ ತೆಗೆದು ಹೊಸ ಸ್ಟೀಮ್ ಆಯಿಲ್ ತುಂಬುತ್ತೇನೆ. ಬೈಕ್, ಕಾರಿನ ಎಂಜಿನ್ ಆಯಿಲ್ ಇದಕ್ಕೆ ಬರುವುದಿಲ್ಲ. ಒದ್ದೆ ಗೋಡೆಗೂ ಅಂಟಿ ನಿಲ್ಲಲು ಪ್ರಾಣಿಕೊಬ್ಬು ಬೆರೆಸಿದ, ಐಎಸ್‌ಒ 460 ಸ್ನಿಗ್ಧತೆಯ ದರ್ಜೆಯ ದಪ್ಪ ಎಣ್ಣೆಯೇ ಬೇಕು.

ಅದೇ ಎಣ್ಣೆಯ ಕೆಲವು ಹನಿಗಳನ್ನು ಉಗಿ ಒಳಬರುವ ದಾರಿಯಲ್ಲಿ ಬಿಟ್ಟು, ಡ್ರೈನ್ ಕಾಕ್ (ಸಿಲಿಂಡರ್‌ನ ನೀರು ಬಸಿಯುವ ಸಣ್ಣ ನಲ್ಲಿ) ತೆರೆದು, ಚಕ್ರವನ್ನು ಎರಡೂ ದಿಕ್ಕಿಗೆ ಕೈಯಿಂದ ನಿಧಾನವಾಗಿ ತಿರುಗಿಸುತ್ತೇನೆ. ಮೊದಲು ನೀರು ಚಿಮ್ಮುತ್ತದೆ, ಆಮೇಲೆ ಕಂದು ನೊರೆ, ಕೊನೆಗೆ ಬರೀ ಎಣ್ಣೆ. ಅಲ್ಲಿಗೆ ನಿಲ್ಲಿಸಿದರಾಯಿತು. ಲೋಹ ಬೆಚ್ಚಗಿರುವಾಗಲೇ ಇದು ಆಗಬೇಕು, ತಣ್ಣಗಾದರೆ ಈ ದಪ್ಪ ಎಣ್ಣೆ ಹರಿಯುವುದೇ ಇಲ್ಲ. ಬೀಡುಕಬ್ಬಿಣದ ಸಿಲಿಂಡರ್ ಆದರೆ ಈ ಹೆಜ್ಜೆ ತಪ್ಪಿಸುವಂತಿಲ್ಲ, ರಾತ್ರಿ ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ಪಿಸ್ಟನ್ ರಾಡ್‌ಗೆ ಉಗಿ ಸೋರದಂತೆ ಗ್ರಾಫೈಟ್ ಹುರಿ ಸುತ್ತಿದ್ದರೆ ಇನ್ನೊಂದು ತೊಂದರೆ: ಒದ್ದೆಯಾದ ಗ್ರಾಫೈಟ್, ಉಕ್ಕು ಸೇರಿ ಬ್ಯಾಟರಿಯಂತೆ ವರ್ತಿಸಿ, ಸ್ಟೇನ್‌ಲೆಸ್ ರಾಡ್‌ನಲ್ಲೂ ಸಣ್ಣ ಗುಳಿ ಬೀಳಿಸುತ್ತವೆ. ಆ ಗುಳಿಗಳೇ ಮುಂದೆ ಹುರಿಯನ್ನು ಕೆರೆದು ಉಗಿ ಸೋರಿಸುತ್ತವೆ. ನಾನು ಹುರಿಯ ಬಾಯಿಗೆ ಎರಡು ಹನಿ ಎಣ್ಣೆ ಬಿಟ್ಟು ರಾಡನ್ನು ಹಿಂದೆಮುಂದೆ ಆಡಿಸುತ್ತೇನೆ. ತಿಂಗಳಿಗೊಮ್ಮೆ ಚಕ್ರ ಕಾಲು ಸುತ್ತು ತಿರುಗಿಸಿ ರಾಡ್‌ನ ಜಾಗ ಬದಲಿಸುತ್ತೇನೆ.

ಇಂಧನದ ಕಡೆ ಕೆಲಸ ಕಡಿಮೆ. ಸ್ಪಿರಿಟ್ ತೊಟ್ಟಿ ಖಾಲಿ ಮಾಡಿ. ಸ್ಪಿರಿಟ್ ಗಾಳಿಯ ತೇವ ಹೀರುತ್ತದೆ. ಗ್ಯಾಸ್ ಆದರೆ ತೊಟ್ಟಿ ಮುಗಿಯುವವರೆಗೆ ಓಡಿಸಿ, ಉಳಿದದ್ದನ್ನು ಬೆಂಕಿಯಿಲ್ಲದ ಬಯಲಿನಲ್ಲಿ ಬಿಟ್ಟೇ ಮನೆಯೊಳಗೆ ತನ್ನಿ. ಜೆಟ್ (ಗ್ಯಾಸ್ ಹೊರಬರುವ ಸೂಕ್ಷ್ಮ ರಂಧ್ರದ ಮೂತಿ) ಕಟ್ಟಿದರೆ ತಂತಿ ತೂರಿಸಬೇಡಿ, ರಂಧ್ರ ಅಗಲವಾಗಿ ಜ್ವಾಲೆ ಕೆಡುತ್ತದೆ; ಅಸಿಟೋನ್‌ನಲ್ಲಿ ನೆನೆಸಿ ಹಿಂದಿನಿಂದ ಊದಿದರೆ ಸಾಕು. ಕಲ್ಲಿದ್ದಲಿನ ಎಂಜಿನ್‌ಗೆ ಮಾತ್ರ ತಾಳ್ಮೆ ಬೇಕು: ಬೂದಿಯಲ್ಲಿ, ಸ್ಮೋಕ್‌ಬಾಕ್ಸ್ (ಚಿಮಣಿಯ ಬುಡದ ಹೊಗೆಗೂಡು) ಮಸಿಯಲ್ಲಿ ಉಳಿದ ಗಂಧಕ ತೇವ ಸೇರಿ ಆಮ್ಲವಾಗುತ್ತದೆ. ಕೊಳವೆಗಳನ್ನು ಬ್ರಷ್‌ನಿಂದ ಗುಡಿಸಿ, ಕಲ್ಲಿದ್ದಲು ಉರಿಯುವ ಸರಳು ಜಾಲರಿ (ಗ್ರೇಟ್) ಹೊರತೆಗೆದು, ಸ್ಮೋಕ್‌ಬಾಕ್ಸ್ ಒಳಗೆ ತೆಳುವಾಗಿ ಎಣ್ಣೆ ಸವರಬೇಕು.

ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ. ಹಗಲು-ರಾತ್ರಿಯ ಬಿಸಿ ಏರಿಳಿದಂತೆ ಒಳಗೇ ಬೆವರುತ್ತದೆ. ಫೋಮ್ ಹಳತಾದಂತೆ ಪುಡಿಯಾಗಿ ಬಣ್ಣಕ್ಕೆ ಅಂಟುತ್ತದೆ. ರಬ್ಬರ್‌ನ ಗಂಧಕ ತಾಮ್ರ, ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ. ತೊಳೆದು ಒಣಗಿಸಿದ ಹತ್ತಿ ಬಟ್ಟೆ ಹೊದಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುವುದು ನನ್ನ ಕ್ರಮ. ಬಣ್ಣ ಬದಲಾದ ಜೆಲ್ ಅನ್ನು ಓವನ್‌ನಲ್ಲಿ 110–120 ಡಿಗ್ರಿಗೆ ಕೆಲವು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀರು ಹೆಪ್ಪುಗಟ್ಟುವ ಚಳಿ ಬೀಳುವ ಜಾಗವಾದರೆ ಕೈಪಂಪು, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್, ಒತ್ತಡದ ಗೇಜ್‌ನ ಬಾಗಿದ ಕೊಳವೆ ಮೂರನ್ನೂ ಪ್ರತ್ಯೇಕವಾಗಿ ಬಸಿಯಿರಿ. ಬಾಯ್ಲರ್ ಖಾಲಿಯಾದರೂ ಅವುಗಳಲ್ಲಿ ನೀರು ಅಡಗಿರುತ್ತದೆ.

ಮತ್ತೆ ಹೊರತೆಗೆದಾಗ ಬೆಂಕಿ ಹಚ್ಚುವ ಮೊದಲು ಸೇಫ್ಟಿ ವಾಲ್ವ್ ಎತ್ತಿ ಬಿಡಿ. ಅದರ ಓ-ರಿಂಗ್ (ಸೋರದಂತೆ ತಡೆಯುವ ಬಳೆ) ಸೀಟಿಗೆ ಅಂಟಿಕೊಂಡಿರುವುದು ಅಪರೂಪವಲ್ಲ. ನೀರು ತುಂಬುವ ಪಂಪಿನ ಕ್ಲ್ಯಾಕ್ ವಾಲ್ವ್‌ಗಳೂ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್‌ಗಳು) ಅಂಟಿರಬಹುದು, ಕೈಪಂಪಿನಿಂದ ಬಾಯ್ಲರ್‌ಗೆ ನೀರು ಹೋಗುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಉಗಿ ಬಂದ ಮೇಲೆ ಡ್ರೈನ್ ಕಾಕ್ ತೆರೆದೇ ನಿಧಾನ ಓಡಿಸಿ. ಶೇಖರಿಸಿದ ಎಣ್ಣೆ, ಹೊಸ ನೀರು ಎರಡೂ ಹೊರಬಂದು, ಚಿಮಣಿಯಿಂದ ಕಪ್ಪು ಹನಿ ಸಿಡಿಯುವುದು ನಿಂತ ಮೇಲೆ ಕಾಕ್ ಮುಚ್ಚಬಹುದು.