ಗುಳೆ ಹೋದ ಊರಿನಲ್ಲೇ ರೇಷನ್ ಪಡೆಯುವುದು ಹೇಗೆ?

ಕಟ್ಟಡ ಕೆಲಸಕ್ಕೆ ಯಾದಗಿರಿಯಿಂದ ಬೆಂಗಳೂರಿಗೋ ವಿಜಯಪುರದಿಂದ ಗೋವಾಕ್ಕೋ ಗುಳೆ ಹೋಗುವವರಲ್ಲಿ ಎಷ್ಟೋ ಮಂದಿ ರೇಷನ್ ಕಾರ್ಡನ್ನು ಊರಲ್ಲೇ ಬಿಟ್ಟು, ಕೂಲಿಯ ದುಡ್ಡಿನಲ್ಲಿ ಅಕ್ಕಿ ಕೊಳ್ಳುತ್ತಾರೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ಬಂದ ಮೇಲೆ ಬಿಪಿಎಲ್, ಅಂತ್ಯೋದಯ ಕಾರ್ಡಿನವರು ಇದ್ದಲ್ಲೇ ನ್ಯಾಯಬೆಲೆ ಅಂಗಡಿಯಿಂದ ಧಾನ್ಯ ತರಬಹುದು.

ಹೊರಡುವ ಮುಂಚೆ ಮನೆಮಂದಿಯೆಲ್ಲರ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಮುಗಿಸಿ, ಕಾರ್ಡ್ ನಂಬರ್ ಬರೆದಿಟ್ಟುಕೊಳ್ಳಿ. ಊರಿನ ಕಾರ್ಡ್ ರದ್ದು ಮಾಡಿಸಿ ಹೊಸದು ಕೊಡಿಸುತ್ತೇನೆ ಎನ್ನುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ. ಪ್ಲಾಸ್ಟಿಕ್ ಕಾರ್ಡ್ ಮುದ್ರಿಸುವುದಕ್ಕೂ ದುಡ್ಡು ದಂಡ, ನಂಬರ್ ಸಾಕು.

ಅಂಗಡಿಯಲ್ಲಿ ಕಾರ್ಡ್ ನಂಬರ್ ಹೇಳಿ, ಯಂತ್ರದ ಮೇಲೆ ಬೆರಳಿಟ್ಟು ಗುರುತು ತೋರಿಸಬೇಕು. ಕೆಲಸ ಕೆಡುವುದು ಈ ಹೆಬ್ಬೆಟ್ಟಿನಲ್ಲಿ. ಸಿಮೆಂಟು ಕಲಸಿ, ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ಹಿಂದಿನ ರಾತ್ರಿ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಸವರಿ. ಬೆಳಿಗ್ಗೆ ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿ. ಜಿಡ್ಡು ಉಳಿದರೆ ಗುರುತು ಕಲಸಿಹೋಗುತ್ತದೆ. ಯಂತ್ರದ ಗಾಜನ್ನೂ ಒರೆಸಲು ಹೇಳಿ. ಬೆರಳನ್ನು ಒತ್ತಿ ಹಿಡಿಯಬೇಡಿ, ಮಟ್ಟಸವಾಗಿ ಇಡಿ. ಹೆಬ್ಬೆರಳು ಆಗದಿದ್ದರೆ ತೋರುಬೆರಳು, ಉಂಗುರ ಬೆರಳು ಇಟ್ಟು ನೋಡಿ: ಆಧಾರ್‌ನಲ್ಲಿ ಹತ್ತೂ ಬೆರಳು ದಾಖಲಾಗಿರುತ್ತವೆ. ಆಧಾರ್‌ನ ಬಯೋಮೆಟ್ರಿಕ್ (ಬೆರಳು, ಕಣ್ಣಿನ ಗುರುತು) ಲಾಕ್ ಆಗಿದ್ದರೆ ಯಾವ ಬೆರಳೂ ನಡೆಯದು, ಮೊದಲು ಅದನ್ನು ತೆಗೆಸಿ. ಕಾರ್ಡಿನಲ್ಲಿರುವ ಇನ್ನೊಬ್ಬರು ಬೆರಳು ಕೊಟ್ಟರೂ ಇಡೀ ಮನೆಯ ಧಾನ್ಯ ಸಿಗುತ್ತದೆ. ಯಾರದ್ದೂ ಕೂಡದಿದ್ದರೆ ಕಣ್ಣಿನ ಪಾಪೆ ಅಥವಾ ಒಟಿಪಿ ಸೌಲಭ್ಯ ಇದೆಯೇ ಕೇಳಿ. ತಿಂಗಳು ತಿಂಗಳೂ ಇದೇ ಪಾಡಾದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಲೇಬೇಕು.

ಅರ್ಧ ಕುಟುಂಬ ಊರಲ್ಲಿದ್ದರೆ ಇಲ್ಲಿ ಎಷ್ಟು ಕೆ.ಜಿ. ಬೇಕೆಂದು ಬೆರಳು ಇಡುವ ಮುಂಚೆಯೇ ಹೇಳಿ. ಉಳಿದದ್ದನ್ನು ಊರಿನವರು ಅದೇ ತಿಂಗಳು ಎತ್ತಬಹುದು. ರಸೀದಿಯಲ್ಲಿ ಪೂರ್ತಿ ಬರೆದು ಕೈಗೆ ಅರ್ಧ ಕೊಡುವ ಮೋಸ ನಡೆಯುವುದು ಇಲ್ಲೇ. ಅಂಗಡಿ ಬಿಡುವ ಮುಂಚೆ ರಸೀದಿ ಓದಿಸಿ, ತೂಕ ನೋಡಿ. ಕಾರ್ಡನ್ನು ಅಂಗಡಿಯವರ ಬಳಿ ಬಿಟ್ಟುಬರುವ ರೂಢಿ ಬೇಡವೇ ಬೇಡ.

ಗೋವಾ, ಮಹಾರಾಷ್ಟ್ರದಲ್ಲಿ ಸಿಗುವುದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ: ಬಿಪಿಎಲ್‌ಗೆ ತಲೆಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಕರ್ನಾಟಕ ಸರ್ಕಾರ ಅದರ ಮೇಲೆ ತಾನು ಸೇರಿಸಿ ಕೊಡುವುದು ಅಲ್ಲಿ ಸಿಗದು. ಕಾಯ್ದೆಯ ಈ ಧಾನ್ಯ 2023ರ ಜನವರಿಯಿಂದ ಉಚಿತ. ‘ಹೊರಗಿನವರಿಗೆ ಇಲ್ಲ’ ಎಂದರೆ ಅಲ್ಲೇ ನಿಂತು 14445 ಅಥವಾ 1967ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ.