ಎಡಿಟರ್ ಬಿಡದೇ ಸಿ ಪ್ರೋಗ್ರಾಂ ಕಂಪೈಲ್ ಮಾಡುವುದು ಹೇಗೆ?

ದಾವಣಗೆರೆಯ ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಸೇರಿದವರು ಮನೆಯಲ್ಲೂ ಸಿ ಅಭ್ಯಾಸ ಮಾಡಲು ಭಾರೀ ಸಾಫ್ಟ್‌ವೇರ್ ಹಾಕಿಕೊಳ್ಳಬೇಕಿಲ್ಲ. ಉಬುಂಟು ಇರುವ ಹಳೇ ಲ್ಯಾಪ್‌ಟಾಪ್‌ನಲ್ಲೂ ಜೀನಿ ಎಡಿಟರ್ ಸಲೀಸಾಗಿ ಓಡುತ್ತದೆ.

ಟರ್ಮಿನಲ್ ತೆರೆದು ‘ಸುಡೊ ಆಪ್ಟ್ ಇನ್‌ಸ್ಟಾಲ್ ಜೀನಿ ಬಿಲ್ಡ್-ಎಸೆನ್ಷಿಯಲ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ (sudo apt install geany build-essential) ಟೈಪ್ ಮಾಡಿ. ಕೊನೆಯ ಹೆಸರನ್ನು ಬಿಡಬೇಡಿ. ನೀವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್ ಬರುವುದು ಅದರಲ್ಲೇ.

ಹೊಸ ಫೈಲನ್ನು ಮೊದಲೇ ಸೇವ್ ಮಾಡಿ. ಹೆಸರಿನ ಕೊನೆಗೆ ಚುಕ್ಕೆ, ಸಣ್ಣಕ್ಷರದ ಸಿ ಇರಲೇಬೇಕು. ಅದನ್ನು ನೋಡಿಯೇ ಜೀನಿ ಕಂಪೈಲರ್ ಆರಿಸಿಕೊಳ್ಳುವುದು.

ಈಗ ಬಿಲ್ಡ್ ಮೆನುವಿನಲ್ಲಿ ‘ಸೆಟ್ ಬಿಲ್ಡ್ ಕಮಾಂಡ್ಸ್’ ತೆರೆಯಿರಿ. ಜಿಸಿಸಿ ಆದೇಶಗಳು ಅಲ್ಲಿ ಆಗಲೇ ಇರುತ್ತವೆ. ‘ಬಿಲ್ಡ್’ ಸಾಲಿನ ಕೊನೆಗೆ, ಅಂದರೆ ಫೈಲ್ ಹೆಸರಿನ ಗುರುತಾದ %ಎಫ್ ಆದ ಮೇಲೆ, ಒಂದು ಜಾಗ ಬಿಟ್ಟು ಹೈಫನ್, ಸಣ್ಣಕ್ಷರದ ಎಲ್, ಎಂ (-lm) ಸೇರಿಸಿ. ವರ್ಗಮೂಲ ತೆಗೆಯುವ ಪ್ರೋಗ್ರಾಂ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ನಿಲ್ಲುವುದು ಈ ಗಣಿತ ಲೈಬ್ರರಿ ಜೋಡಿಸದಿದ್ದಾಗ. ಲೈಬ್ರರಿಗಳನ್ನು ಜೋಡಿಸುವ ಲಿಂಕರ್ ಎಡದಿಂದ ಬಲಕ್ಕೆ ಓದುವುದರಿಂದ ಅದನ್ನು ಫೈಲ್ ಹೆಸರಿಗಿಂತ ಮುಂಚೆ ಹಾಕಿದರೆ ಪ್ರಯೋಜನವಿಲ್ಲ. %ಎಫ್ ಸುತ್ತಲಿನ ಉದ್ಧರಣ ಚಿಹ್ನೆ ಅಳಿಸಬೇಡಿ, ಫೈಲ್ ಹೆಸರಿನಲ್ಲಿ ಜಾಗ ಇದ್ದರೆ ಕಾಯುವುದು ಅದೇ. ಅಲ್ಲಿರುವ ‘ವಾಲ್’ (-Wall) ಆಯ್ಕೆಯಂತೂ ಕಲಿಯುವವರ ಪಾಲಿಗೆ ಅತಿ ಮುಖ್ಯ.

ಯಾಕೆಂದರೆ, ಎಪಿಎಂಸಿಗೆ ಒಯ್ದ ಮೆಕ್ಕೆಜೋಳದ ಲೆಕ್ಕ ಮಾಡುವ ಪ್ರೋಗ್ರಾಂ ಬರೆದಿದ್ದೀರಿ ಎನ್ನಿ. ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ ದರದ ಹೆಸರಿಗಿಂತ ಮೊದಲು & ಹಾಕಲು ಮರೆತರೂ ಕಂಪೈಲ್ ಆಗಿಬಿಡಬಹುದು. ಓಡಿಸಿದಾಗ ದರ ಟೈಪ್ ಮಾಡಿದ ಕೂಡಲೇ ಪ್ರೋಗ್ರಾಂ ಸಾಯಬಹುದು, ‘ಕೋಡ್ 139’ ಎಂದು ಬರಬಹುದು. ವಾಲ್ ಇದ್ದರೆ ಓಡಿಸುವ ಮೊದಲೇ ಎಚ್ಚರಿಕೆ ಸಿಗುತ್ತದೆ. ಎಚ್ಚರಿಕೆಯನ್ನೂ ತಪ್ಪೆಂದೇ ತಿಳಿದು ತಿದ್ದಿ.

ಎಫ್9 ಒತ್ತಿದರೆ ಬಿಲ್ಡ್, ಎಫ್5 ಒತ್ತಿದರೆ ರನ್. ಎಫ್8 ಬರೀ ಕಂಪೈಲ್ ಮಾಡುತ್ತದೆ, ಓಡಿಸುವ ಫೈಲ್ ಹುಟ್ಟುವುದಿಲ್ಲ. ತಿದ್ದಿದ ಮೇಲೆ ಎಫ್9 ಒತ್ತದೇ ಎಫ್5 ಒತ್ತಿದರೆ ಹಳೇ ಪ್ರೋಗ್ರಾಮೇ ಓಡಿ ಹಳೇ ಉತ್ತರವನ್ನೇ ಕೊಡುತ್ತದೆ.

ತಪ್ಪುಗಳು ಕೆಳಗಿನ ‘ಕಂಪೈಲರ್’ ಟ್ಯಾಬ್‌ನಲ್ಲಿ ಬರುತ್ತವೆ. ಸಂದೇಶದ ಮೇಲೆ ಕ್ಲಿಕ್ ಮಾಡಿದರೆ ಕರ್ಸರ್ ನೇರ ಆ ಸಾಲಿಗೆ ಹೋಗುತ್ತದೆ. ಹತ್ತು ತಪ್ಪು ತೋರಿಸಿದರೂ ಮೊದಲನೆಯದನ್ನು ಮಾತ್ರ ತಿದ್ದಿ ಮತ್ತೆ ಎಫ್9 ಒತ್ತಿ, ಉಳಿದವು ಎಷ್ಟೋ ಸಲ ಅದರ ಹಿಂದೆಯೇ ಬಂದಿರುತ್ತವೆ. ತೋರಿಸಿದ ಸಾಲು ಸರಿಯಿದ್ದರೆ ಅದರ ಮೇಲಿನ ಸಾಲಿನ ಕೊನೆಗೆ ಸೆಮಿಕೋಲನ್ ಇದೆಯೇ ನೋಡಿ.

ಟರ್ಬೊ ಸಿ ಎಂಬ ಹಳೇ ಕಂಪೈಲರ್ ಕಾಲದ ಪ್ರೋಗ್ರಾಂ ನಕಲು ಮಾಡಿಕೊಂಡಿದ್ದರೆ ಕೋನಿಯೊ ಹೆಡರ್ (conio.h), ಕ್ಲಿಯರ್ ಸ್ಕ್ರೀನ್ (clrscr), ಗೆಟ್‌ಸಿಎಚ್ (getch) ಸಾಲುಗಳನ್ನು ತೆಗೆಯಿರಿ. ಅವು ಉಬುಂಟುವಿನ ಜಿಸಿಸಿಯಲ್ಲಿಲ್ಲ. ಉತ್ತರ ಓದಲು ಗೆಟ್‌ಸಿಎಚ್ ಬೇಕೂ ಇಲ್ಲ, ನೀವು ಎಂಟರ್ ಒತ್ತುವವರೆಗೆ ಜೀನಿ ಟರ್ಮಿನಲ್ ಮುಚ್ಚುವುದಿಲ್ಲ.